ಕಾಯುವ ಸರದಿ ಯಾರದು?

ಪ್ಯಾರಿಸ್‌ನ ಬುಲೆವಾರ್ ದು ಟಾಂಪ್ಲ್ ಗಾಡಿ, ಕುದುರೆ, ಜನರಿಂದ ಗಿಜಿಗುಡುತ್ತಿದ್ದ ರಸ್ತೆ. ಆದರೆ 1838ರಲ್ಲಿ ಲೂಯಿ ಡಾಗೇರ್ ಎತ್ತರದ ಕಿಟಕಿಯಿಂದ ತೆಗೆದ ಚಿತ್ರದಲ್ಲಿ ಅದು ಬಿಕೋ ಎನ್ನುತ್ತದೆ. ಬೆಳ್ಳಿ ಲೇಪದ ತಗಡಿನ ಮೇಲೆ ಬಿಂಬ ಮೂಡಲು ನಿಮಿಷಗಳೇ ಹಿಡಿಯುತ್ತಿದ್ದುದರಿಂದ ಓಡಾಡುತ್ತಿದ್ದವರೆಲ್ಲ ಮಾಯವಾದರು. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದ ಒಬ್ಬಾತನೂ ಅವನ ಕಾಲ ಬಳಿ ಕೂತಿದ್ದವನೂ ಉಳಿದುಕೊಂಡರು. ತಾವು ಚಿತ್ರಕ್ಕೆ ಸಿಕ್ಕೆವೆಂಬುದು ಅವರಿಗೆ ಗೊತ್ತೇ ಇರಲಿಲ್ಲ ಎಂದು ಕಾಣುತ್ತದೆ.

ಅಂದರೆ, ಛಾಯಾಗ್ರಹಣದ ಆರಂಭದಲ್ಲಿ ತಾಳ್ಮೆಯಿಂದ ನಿಲ್ಲಬೇಕಾದವರು ಬೀದಿಯ ಜನ.

ಈ ಸರದಿ ಅದಲುಬದಲಾಗಿ ಛಾಯಾಗ್ರಾಹಕರ ಪಾಲಿಗೆ ಬರಲು ಹಲವು ದಶಕಗಳು ಬೇಕಾದವು. ಜರ್ಮನಿಯ ಆಸ್ಕರ್ ಬಾರ್ನಾಕ್ ಸಿನಿಮಾದ 35 ಮಿ.ಮೀ. ಫಿಲ್ಮನ್ನೇ ಬಳಸಿ ರೂಪಿಸಿದ ಲೈಕಾ, 1925ರ ಲೈಪ್ಸಿಗ್ ಮೇಳದಲ್ಲಿ ಜನರ ಮುಂದೆ ಬಂತು. ಕೋಟಿನ ಜೇಬಿಗೆ ಇಳಿಯುವಷ್ಟು ಚಿಕ್ಕದು. ಒಂದು ಸುರುಳಿಗೆ 36 ಚಿತ್ರ. ಸ್ಟ್ಯಾಂಡಿನ ಹಂಗು ತಪ್ಪಿದ್ದೇ ತಡ, ಕ್ಯಾಮೆರಾ ಬೀದಿಗಿಳಿಯಿತು.

ಲೈಕಾ ಹಿಡಿದ ಛಾಯಾಗ್ರಾಹಕ ಆಂರಿ ಕಾರ್ತಿಯೆ-ಬ್ರೆಸಾನ್ ಅದರ ಹೊಳೆಯುವ ಭಾಗಗಳಿಗೆ ಕಪ್ಪು ಟೇಪು ಸುತ್ತಿ ಯಾರ ಕಣ್ಣಿಗೂ ಬೀಳದಂತೆ ತಿರುಗುತ್ತಿದ್ದರು. ಫ್ರಾನ್ಸಿನ ಇಯೇರ್ ಪಟ್ಟಣದಲ್ಲಿ ಅವರು 1932ರಲ್ಲಿ ತೆಗೆದ ಚಿತ್ರ ಬೀದಿ ಛಾಯಾಗ್ರಹಣದ ಪಾಠವೇ ಸರಿ. ಕೆಳಗಿಳಿಯುವ ಮೆಟ್ಟಿಲು, ಅದರ ಜೊತೆಗೆ ಬಳುಕುವ ಕಬ್ಬಿಣದ ಕಟಾಂಜನ, ಬಾಗಿದ ರಸ್ತೆ: ಚೌಕಟ್ಟಿನೊಳಗೆ ಇವೆಲ್ಲ ಒಂದೇ ಲಯದಲ್ಲಿ ಸುತ್ತುತ್ತವೆ. ಆ ಸುತ್ತಿನ ನಡುವೆ ತೆರವಾಗಿದ್ದ ಜಾಗವನ್ನು ಒಬ್ಬ ಸೈಕಲ್ ಸವಾರ ಹಾದುಹೋಗುವಾಗ ಶಟರ್ ಬಿದ್ದಿದೆ. ಸವಾರ ಕೊಂಚ ಮಸುಕಾಗಿದ್ದಾನೆ. ಕಲ್ಲು, ಕಬ್ಬಿಣ ಸ್ಪಷ್ಟವಾಗಿವೆ. ಅವನನ್ನು ತೆಗೆದರೆ ಅದು ಬರೀ ಮೆಟ್ಟಿಲಿನ ಚಿತ್ರ.

ಮೈಸೂರಿನಲ್ಲಿ ಹುಟ್ಟಿದ ಟಿ.ಎಸ್. ಸತ್ಯನ್ (1923–2009) ಇದೇ ಹಾದಿಯಲ್ಲಿ ನಡೆದ ನಮ್ಮ ಸುದ್ದಿ ಛಾಯಾಗ್ರಾಹಕರು. ರಾಜಕೀಯದ ಭಾರೀ ಸುದ್ದಿಗಳ ನಡುವೆಯೂ ಅವರ ಮನಸ್ಸು ಸಾಮಾನ್ಯರ ದಿನನಿತ್ಯದ ಬದುಕಿನ ಕಡೆಗೇ ಎಳೆಯುತ್ತಿತ್ತು. ಅವರ ಹೆಸರು ಹೇಳಿದೊಡನೆ ಮಕ್ಕಳ ಚಿತ್ರಗಳು ನೆನಪಾಗುತ್ತವೆ.

ಆಮೇಲೆ ಕ್ಯಾಮೆರಾ ಫೋನಿನೊಳಗೆ ಸೇರಿತು. 2000ದಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಶಾರ್ಪ್ ಕಂಪನಿಯ ಕ್ಯಾಮೆರಾ ಫೋನಿಗೆ 1.1 ಲಕ್ಷ ಪಿಕ್ಸೆಲ್‌ಗಳ ಶಕ್ತಿಯಷ್ಟೇ ಇತ್ತು. 2013ರ ಐಫೋನ್ 5ಎಸ್ ಸೆಕೆಂಡಿಗೆ ಹತ್ತು ಚಿತ್ರ ತೆಗೆಯಬಲ್ಲದಾಗಿತ್ತು. ಇಂದಿನ ಎಷ್ಟೋ ಫೋನುಗಳು ಕ್ಯಾಮೆರಾ ತೆರೆದ ಕ್ಷಣದಿಂದಲೇ ದೃಶ್ಯಗಳನ್ನು ತಾತ್ಕಾಲಿಕ ನೆನಪಿನಲ್ಲಿ ತುಂಬಿಕೊಳ್ಳುತ್ತಿರುತ್ತವೆ; ಬೆರಳು ಒತ್ತಿದಾಗ ಆ ಹೊತ್ತಿನದನ್ನು ಅದರಿಂದ ಹೆಕ್ಕುತ್ತವೆ. ಕಾಯುವ ಕೆಲಸದ ಒಂದು ಪಾಲನ್ನು ಯಂತ್ರವೇ ವಹಿಸಿಕೊಂಡಿದೆ.

ಆದರೆ ಹತ್ತು ಚಿತ್ರಗಳೂ ನಿಂತ ಒಂದೇ ಜಾಗದಿಂದ ಬಂದವು. ತಲೆಯ ಹಿಂದೆ ವಿದ್ಯುತ್ ಕಂಬ ಮೊಳೆತಂತೆ ಕಂಡರೆ ಹತ್ತರಲ್ಲೂ ಮೊಳೆತಿರುತ್ತದೆ. ಕಾರ್ತಿಯೆ-ಬ್ರೆಸಾನ್ ಹೆಚ್ಚಾಗಿ ಬಳಸಿದ್ದು 50 ಮಿ.ಮೀ. ಲೆನ್ಸ್, ಫೋನಿನ ಮುಖ್ಯ ಲೆನ್ಸ್ ಅದಕ್ಕಿಂತ ತುಂಬ ಅಗಲದ ನೋಟ ಹಿಡಿಯುತ್ತದೆ. ಹಾಗಾಗಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಹೂ ಕಟ್ಟುವ ಕೈಗಳು ಚಿತ್ರದಲ್ಲಿ ತುಂಬಿ ನಿಲ್ಲಬೇಕಾದರೆ ಬುಟ್ಟಿಯ ಪಕ್ಕಕ್ಕೇ ಹೋಗಬೇಕು. ಅಷ್ಟು ಹತ್ತಿರ ಬಂದವರನ್ನು ಹೂವಾಡಗಿತ್ತಿ ತಲೆಯೆತ್ತಿ ನೋಡಿಯೇ ನೋಡುತ್ತಾಳೆ. ಮತ್ತೆ ಅವಳು ತನ್ನ ಕೆಲಸದಲ್ಲಿ ಮುಳುಗುವವರೆಗೆ ಅಲ್ಲೇ ನಿಲ್ಲುವುದು ಇಂದಿಗೂ ಛಾಯಾಗ್ರಾಹಕರ ಪಾಲಿಗೇ ಉಳಿದಿದೆ.