ಯಂತ್ರ ಬದಲಾದಾಗ ಅಕ್ಷರ ಎಲ್ಲಿಗೆ ಹೋಯಿತು?

ಕೆ.ಟಿ. ದೊಡ್ಡಿ, ಗದ್ವಾಲ, ಮಕ್ತಲ್, ನಾರಾಯಣಪೇಟೆ ಸೀಮೆಯ ಕನ್ನಡ ಪೋಷಕರಲ್ಲಿ ಒಂದು ಅರಿಕೆ.

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಕಚೇರಿ, ಅಂಗಡಿ, ಶಾಲೆಗಳಲ್ಲಿರುವ ಅನೇಕ ಕಂಪ್ಯೂಟರುಗಳು ಇನ್ನು ಹೊಸ ಆಪರೇಟಿಂಗ್ ಸಿಸ್ಟಂಗೆ ದಾಟಬೇಕು, ಇಲ್ಲವೇ ಮೂಲೆ ಸೇರಬೇಕು. ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಇದು ಒಂದೆರಡು ವಾರಗಳ ಕಿರಿಕಿರಿ. ಗುಂಡಿಗಳ ಜಾಗ ಬದಲಾಗಿರುತ್ತದೆ, ಕೈ ಪಳಗಿದರೆ ಮುಗಿಯಿತು. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಮಾತ್ರ ಹಿಂದಿನ ಪ್ರತಿಯೊಂದು ದಾಟುವಿಕೆಯಲ್ಲೂ ಬೇರೊಂದು ಪ್ರಶ್ನೆ ಎದುರಾಗಿದೆ: ನಿನ್ನೆ ಬರೆದಿಟ್ಟದ್ದನ್ನು ನಾಳೆ ಓದಲು ಬರುತ್ತದೆಯೇ? "ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಕಂಪ್ಯೂಟರ್ ಕೆಲಸ ದಕ್ಕುತ್ತದೆಯೇ" ಎಂದು ತಾವು ಕೇಳುವಾಗ ಆ ಪ್ರಶ್ನೆಯ ಚರಿತ್ರೆಯನ್ನೂ ಒಮ್ಮೆ ನೋಡುವುದು ಒಳಿತು.

1980ರ ದಶಕದಲ್ಲೇ ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ ಕಾನ್ಪುರದ ಐಐಟಿಯಲ್ಲಿ, ಬಳಿಕ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ನಡೆದಿತ್ತು. ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಿದ ಇಸ್ಕಿ ಎಂಬ ಸಂಕೇತ ವ್ಯವಸ್ಥೆ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಆದರೆ ನಮ್ಮ ಮುದ್ರಣಾಲಯಗಳೂ ಡಿ.ಟಿ.ಪಿ. ಅಂಗಡಿಗಳೂ ಹಿಡಿದ ದಾರಿ ಅದಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿ, ಕರ್ನಾಟಕ ಸರ್ಕಾರದ ಆಶ್ರಯದಲ್ಲಿ ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ತಂದಿತು. ಇವು ಬರದೇ ಹೋಗಿದ್ದರೆ ಸಾವಿರಾರು ಗುಮಾಸ್ತರು, ಶಿಕ್ಷಕರು ಕನ್ನಡದಲ್ಲಿ ಟೈಪು ಮಾಡುವುದನ್ನೇ ಕಲಿಯುತ್ತಿರಲಿಲ್ಲ. ಆ ಋಣವನ್ನು ಮರೆಯಬಾರದು.

ತೊಡಕು ಇದ್ದದ್ದು ಒಳಗೆ. ಆಗಿನ ವಿಂಡೋಸ್‌ಗೆ ಕನ್ನಡವೆಂಬ ಭಾಷೆ ಇರುವುದೇ ಗೊತ್ತಿರಲಿಲ್ಲ. ಆದ್ದರಿಂದ ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಲಾಯಿತು. ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದರೆ ಕಂಪ್ಯೂಟರು ಉಳಿಸಿಕೊಳ್ಳುವುದು ಏನನ್ನು ಗೊತ್ತೇ? ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಗೀಟಿನ ಎ, ನ-ಒತ್ತಿನ ಜಾಗದಲ್ಲಿ ಜರ್ಮನ್ ಭಾಷೆಯದೊಂದು ಅಕ್ಷರ, ಕ್ಯೂ, ಕೊನೆಗೆ ಪುನಃ ಗೀಟಿನ ಎ. ಫಾಂಟು ಇದ್ದಷ್ಟು ದಿನ ಕಣ್ಣಿಗೆ ಕನ್ನಡ. ಫಾಂಟಿಲ್ಲದ ಯಂತ್ರಕ್ಕೆ ಹೋದೊಡನೆ ವೇಷ ಕಳಚಿ ಬೀಳುತ್ತಿತ್ತು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಬಾರದು, ಹುಡುಕಿದರೆ ಸಿಗದು. ಒಂದು ತಂತ್ರಾಂಶದ ಕಡತ ಮತ್ತೊಂದರಲ್ಲಿ ತೆರೆಯದು. ಕರ್ನಾಟಕದ ಒಳನಾಡಿನಲ್ಲಿ ಪಕ್ಕದ ಮೇಜಿನಲ್ಲೂ ಅದೇ ಫಾಂಟು ಇರುವುದರಿಂದ ಈ ಕೊರತೆ ಅಷ್ಟಾಗಿ ಕಾಣಿಸದಿರಬಹುದು. ಗಡಿಯ ಈಚೆಗೆ ಆ ಭರವಸೆ ಇಲ್ಲ.

ಇದಕ್ಕೆ ಪರಿಹಾರ ಅಷ್ಟರಲ್ಲಾಗಲೇ ಕಾಗದದ ಮೇಲೆ ಸಿದ್ಧವಾಗಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಲ್ಲಿ ಖಾಯಂ ಸಂಖ್ಯೆ ಕೊಡುವ ಯೂನಿಕೋಡ್ 1991ರಲ್ಲಿ ತನ್ನ ಮೊದಲ ಆವೃತ್ತಿಯಲ್ಲೇ, ಇಸ್ಕಿಯ ಹಿಂದಿನ ರೂಪವನ್ನು ಆಧರಿಸಿ, ಕನ್ನಡಕ್ಕೆ 128 ಮನೆಗಳನ್ನು ಮೀಸಲಿಟ್ಟಿತು. ಗಡಿಯವರಾದ ನಮಗೆ ಇಲ್ಲೊಂದು ಸ್ವಾರಸ್ಯವಿದೆ. ಆ ಪಟ್ಟಿಯಲ್ಲಿ 3072ರಿಂದ 3199ರವರೆಗೆ ತೆಲುಗು, 3200ರಿಂದ 3327ರವರೆಗೆ ಕನ್ನಡ. ತೆಲುಗಿನ 'ಕ' 3093ನೆಯ ಮನೆಯಲ್ಲಿ, ಅದಕ್ಕೆ 128 ಕೂಡಿಸಿದರೆ 3221ರಲ್ಲಿ ಕನ್ನಡದ 'ಕ'. ನೆಲದ ಮೇಲೆ ಹೇಗೋ ಅಲ್ಲೂ ಇವೆರಡು ಬೇಲಿ ಹಂಚಿಕೊಂಡ ನೆರೆಮನೆಗಳು.

ಪಟ್ಟಿಯಲ್ಲಿ ಜಾಗ ಸಿಕ್ಕ ಮಾತ್ರಕ್ಕೆ ಯಂತ್ರದಲ್ಲಿ ಜಾಗ ಸಿಗಲಿಲ್ಲ. ವಿಂಡೋಸ್ 2000ದಲ್ಲಿ ಹಿಂದಿ, ತಮಿಳುಗಳಿಗೆ ಪ್ರವೇಶ ದೊರೆಯಿತು. ಕನ್ನಡಕ್ಕೂ ತೆಲುಗಿಗೂ ಇಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡಕ್ಕೆ 'ತುಂಗಾ', ತೆಲುಗಿಗೆ 'ಗೌತಮಿ' ಎಂಬ ಫಾಂಟುಗಳು ಜೊತೆಯಾಗಿ ಬಂದವು. ಹಾಗಿದ್ದೂ ಭಾಷಾ ಆಯ್ಕೆಗಳ ಪುಟದಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ, ಮೂಲ ಸಿ.ಡಿ.ಯನ್ನು ತುರುಕಿದರಷ್ಟೇ ಅಕ್ಷರಗಳು ಸರಿಯಾಗಿ ಕೂಡಿಕೊಳ್ಳುತ್ತಿದ್ದವು. ಆ ಸಿ.ಡಿ. ಯಾರ ಕಪಾಟಿನಲ್ಲಿದೆಯೋ ಬಲ್ಲವರಾರು! ಬಹಳ ಮಂದಿ ಹಳೆಯ ಫಾಂಟಿನಲ್ಲೇ ಉಳಿದರು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಕನ್ನಡ ತಂತ್ರಾಂಶಕ್ಕಾಗಿ ದನಿಯೆತ್ತಿದ್ದು ಈ ಕಾಲದಲ್ಲೇ. ಮುಂದಿನ ವಿಸ್ತಾದಿಂದ ಕನ್ನಡ ತಾನಾಗಿಯೇ ಒಳಗಿತ್ತು. 2014ರ ಏಪ್ರಿಲ್ 8ರಂದು ಎಕ್ಸ್‌ಪಿಯ ಬೆಂಬಲ ನಿಂತಾಗ ಅನೇಕರು ಹೊಸ ಯಂತ್ರಕ್ಕೆ ಹೋದರು, ಆದರೆ ಹಳೆಯ ಅಭ್ಯಾಸವನ್ನೂ ಜೊತೆಗೇ ಒಯ್ದರು.

ಹಾಗೆ ಒಯ್ಯಲು ಆಗದ ಕಡೆಯೂ ಒಂದಿದೆ. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ತಾಲ್ಲೂಕು ಆಂಧ್ರಪ್ರದೇಶಕ್ಕೆ ಸೇರಿತಷ್ಟೆ. ಅದೇ ದಿನ ದಕ್ಷಿಣ ಕನ್ನಡದಿಂದ ಕಾಸರಗೋಡು ಕೇರಳಕ್ಕೆ ಹೋಯಿತು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯವನ್ನು ಹೇಳುವ ಸಂವಿಧಾನದ 350ಎ ವಿಧಿ ಸೇರ್ಪಡೆಯಾದದ್ದು ಅದೇ ವರ್ಷದ ಏಳನೆಯ ತಿದ್ದುಪಡಿಯಿಂದ. ಆ ವಿಧಿ ತರಗತಿಯ ಮಾತನ್ನು ಕಾಯಬಲ್ಲದು, ಕಂಪ್ಯೂಟರಿನ ಒಳಗಣ ಸಂಕೇತವನ್ನಲ್ಲ.

ಕೇರಳವು 2001ರಲ್ಲಿ ಐಟಿ@ಸ್ಕೂಲ್ ಯೋಜನೆಯನ್ನು ಆರಂಭಿಸಿ, ಕೆಲವೇ ವರ್ಷಗಳಲ್ಲಿ ತನ್ನ ಪ್ರೌಢಶಾಲೆಗಳನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ದಾಟಿಸಿತು. ಮೌಸ್ ಹಿಡಿದು ಈಗತಾನೇ ಧೈರ್ಯ ತಂದುಕೊಂಡಿದ್ದ ಶಿಕ್ಷಕರು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು; ರಾಜ್ಯವು ದೊಡ್ಡ ಪ್ರಮಾಣದಲ್ಲಿ ತರಬೇತಿ ನೀಡಿತು. ಕಾಸರಗೋಡಿನ ಕನ್ನಡ ಮಾಧ್ಯಮಕ್ಕೆ ಪ್ರತ್ಯೇಕ ದಾರಿಯಿರಲಿಲ್ಲ. ಆಗಿನ ನುಡಿ, ಬರಹಗಳು ವಿಂಡೋಸ್‌ಗಾಗಿ ರೂಪುಗೊಂಡವು. ಲಿನಕ್ಸ್‌ನಲ್ಲಿ ಸಿದ್ಧವಾಗಿ ಸಿಗುತ್ತಿದ್ದದ್ದು ಯೂನಿಕೋಡ್ ಕನ್ನಡ. ಇಷ್ಟವಿರಲಿ ಇಲ್ಲದಿರಲಿ, ಆ ವ್ಯವಸ್ಥೆಯಲ್ಲಿ ಕನ್ನಡ ಬರೆಯುವವರು ವೇಷವಿಲ್ಲದ ಕನ್ನಡವನ್ನೇ ಬರೆಯಬೇಕಾಯಿತು. 2019ರಲ್ಲಿ ಕೇರಳದ ಶಾಲೆಗಳ 2 ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳಿಗಾಗಿ ಉಬುಂಟು 18.04 ಆಧಾರಿತ ಹೊಸ ಆವೃತ್ತಿ ಹೊರಬಂತು. ಯೂನಿಕೋಡಿನಲ್ಲಿ ಬರೆದ ಕಡತಕ್ಕೆ ಅಂಥ ಬದಲಾವಣೆಯಿಂದ ಭಯವಿಲ್ಲ. ನನ್ನ ದೃಷ್ಟಿಯಲ್ಲಿ ಅಲ್ಪಸಂಖ್ಯಾತರ ಕನ್ನಡಕ್ಕೆ ಸಿಕ್ಕ ಅತ್ಯುತ್ತಮ ತಾಂತ್ರಿಕ ನೆರವು ಇದು, ಕನ್ನಡಕ್ಕೆಂದು ಯಾರೂ ಯೋಜಿಸದಿದ್ದರೂ.

ಯೂನಿಕೋಡಿಗೆ ಬರುವುದೆಂದರೆ ಎಲ್ಲವೂ ಸುಗಮವೆಂದಲ್ಲ. 'ರ್ಯಾಂಕ್' ಎಂದು ನೇರವಾಗಿ ಬರೆದರೆ ಅರ್ಕಾವತ್ತು ಬಂದು ಕೂರುತ್ತದೆ. 'ರ‍್ಯಾಂಕ್' ಬೇಕೆಂದರೆ ರಕಾರದ ನಂತರ ಕಣ್ಣಿಗೆ ಕಾಣದ ಒಂದು ಜೋಡಕವನ್ನು ಸೇರಿಸಬೇಕು. ಪೇಜ್‌ಮೇಕರ್‌ನಂಥ ಹಳೆಯ ಪುಟವಿನ್ಯಾಸದ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಒಗ್ಗದು. ಅದರಿಂದಲೇ ಹೊಟ್ಟೆ ಹೊರೆಯುವ ಡಿ.ಟಿ.ಪಿ. ಅಂಗಡಿಯವರು ಹಳೆಯ ಫಾಂಟನ್ನು ಬಿಡದಿದ್ದರೆ ಅವರನ್ನು ದೂರುವಂತಿಲ್ಲ.

ಇನ್ನು ತಮ್ಮ ಮಕ್ಕಳ ಕೆಲಸದ ಮಾತು. ಎಲ್ಲ ಭಾರತೀಯ ಲಿಪಿಗಳಿಗೂ ಅನ್ವಯಿಸುವ ಇನ್‌ಸ್ಕ್ರಿಪ್ಟ್ ಎಂಬ ಕೀಲಿಮಣೆ ವಿನ್ಯಾಸವೊಂದು 1986ರಿಂದಲೇ ಇದೆ. ಇಂದಿನ ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಅದು ಅಡಕವಾಗಿರುತ್ತದೆ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಕನ್ನಡದ 'ಕ' ಯಾವ ಕೀಲಿಯಲ್ಲಿದೆಯೋ ತೆಲುಗಿನ 'ಕ' ಕೂಡ ಅಲ್ಲಿಯೇ. ಕನ್ನಡದ 'ತ' ಇರುವಲ್ಲೇ ತೆಲುಗಿನ 'ತ'. ಕನ್ನಡ ಶಾಲೆಯಲ್ಲಿ ಇನ್‌ಸ್ಕ್ರಿಪ್ಟ್ ಕಲಿತ ಹುಡುಗಿ, ತೆಲುಗು ಓದಬಲ್ಲವಳಾದರೆ, ನಾಳೆ ಮೀಸೇವಾ ಕೇಂದ್ರದಲ್ಲಿ ಕುಳಿತಾಗ ಭಾಷೆಯನ್ನು ಬದಲಿಸಿಕೊಂಡರೆ ಸಾಕು, ಬೆರಳುಗಳು ಅವೇ ನಡೆಯುತ್ತವೆ. ರಾಯಚೂರಿನಲ್ಲಿ ಕೆಲಸ ಸಿಕ್ಕರೆ ಕನ್ನಡ, ಗದ್ವಾಲದಲ್ಲಿ ಸಿಕ್ಕರೆ ತೆಲುಗು. ಕೆ.ಪಿ. ರಾವ್ ವಿನ್ಯಾಸ ಕಲಿಯಲು ಇನ್ನೂ ಸುಲಭವೆಂಬುದು ನಿಜ. ಕರ್ನಾಟಕದವರಿಗೆ ನಾನು ಅದನ್ನೇ ಹೇಳಿಯೇನು. ಎರಡು ಲಿಪಿಗಳ ನಡುವೆ ಬದುಕುವ ಮಕ್ಕಳಿಗೆ ಮಾತ್ರ ಇನ್‌ಸ್ಕ್ರಿಪ್ಟ್ ಲೇಸು.

ಶಾಲೆಯಲ್ಲಿ ಹೊಸ ಕಂಪ್ಯೂಟರು ಬರುವ ಮುನ್ನ ಮುಖ್ಯೋಪಾಧ್ಯಾಯರನ್ನು ವಿನಯದಿಂದ ಒಂದು ಮಾತು ಕೇಳಿರಿ: ಹಳೆಯ ಪ್ರಶ್ನೆಪತ್ರಿಕೆಗಳು, ಮಕ್ಕಳ ಹೆಸರಿನ ಪಟ್ಟಿಗಳು, ವರ್ಗಾವಣೆ ಪತ್ರದ ನಮೂನೆಗಳು ಯಾವುದರಲ್ಲಿವೆ? ಉತ್ತರ ತಿಳಿಯದಿದ್ದರೆ ಪರೀಕ್ಷೆ ಸುಲಭ. ಕಡತದಿಂದ ಒಂದು ಸಾಲನ್ನು ನಕಲು ಮಾಡಿ ತಮ್ಮ ಮೊಬೈಲಿನ ವಾಟ್ಸ್ಆ್ಯಪ್‌ಗೆ ಕಳುಹಿಸಿಕೊಳ್ಳಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್. ಯಾವ ಯಂತ್ರಕ್ಕೂ ಹೋಗಲಿ, ಚಿಂತೆಯಿಲ್ಲ. ಪಿ, ಗೀಟಿನ ಎ, ಪೌಂಡುಗಳು ಸಾಲಾಗಿ ನಿಂತರೆ ಹಳೆಯ ಫಾಂಟು. ಆಗ ಕಡತಗಳನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ತಂದು, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಮೂಲದೊಡನೆ ಸಾಲು ಸಾಲಾಗಿ ತಾಳೆ ನೋಡುವವರೆಗೆ ಆ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಲು ಬಿಡಬೇಡಿ.