ಇಂಚಿನಿಂದ ಮೈಕ್ರಾನ್‌ಗೆ ಲೆಕ್ಕ ಹಾಕುವುದು ಹೇಗೆ? 25.4 ನೆನಪಿದ್ದರೆ ಸಾಕು

ನವಿ ಮುಂಬೈನ ಐರೋಲಿಯಿಂದ ಬೇಲಾಪುರದ ಕಡೆಗೆ ಸಾಗುವ ರಸ್ತೆಯ ಪಕ್ಕದಲ್ಲೇ ಟಿಟಿಸಿ ಕೈಗಾರಿಕಾ ಪ್ರದೇಶವಿದೆ. ಇಂಥ ಕಡೆ ಯಂತ್ರದ ಬಿಡಿಭಾಗ ತಯಾರಿಸುವವರಿಗೆ ಅಮೆರಿಕದ ಗ್ರಾಹಕರ ಡ್ರಾಯಿಂಗ್ ಬಂದರೆ ಅಳತೆ ಇಂಚಿನಲ್ಲಿರುತ್ತದೆ. ಕೈಯಲ್ಲಿರುವ ಮೈಕ್ರೋಮೀಟರ್ ಮಾತ್ರ ಮಿಲಿಮೀಟರ್‌ನದ್ದು. ಆಗ ಲೆಕ್ಕ ತಪ್ಪಿದರೆ ಮಾಲು ಗುಜರಿಗೆ.

ಭಾರತದಲ್ಲಿ ಮೆಟ್ರಿಕ್ ತೂಕ, ಅಳತೆ ಜಾರಿಗೆ ಬರತೊಡಗಿದ್ದು 1958ರ ಅಕ್ಟೋಬರ್‌ನಲ್ಲಿ. ಮರುವರ್ಷ, 1959ರಲ್ಲಿ, ಅಮೆರಿಕ, ಬ್ರಿಟನ್ ಸೇರಿ ಆರು ದೇಶಗಳು ಒಂದು ಇಂಚು ಎಂದರೆ ಕರಾರುವಾಕ್ಕಾಗಿ 25.4 ಮಿಲಿಮೀಟರ್ ಎಂದು ಒಪ್ಪಿಕೊಂಡವು. ಉಳಿದ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಒಂದು ಮಿಲಿಮೀಟರ್‌ಗೆ 1,000 ಮೈಕ್ರಾನ್, ಒಂದು ಮೈಕ್ರಾನ್‌ಗೆ 1,000 ನ್ಯಾನೋಮೀಟರ್. ಹಾಗಾಗಿ:

* 1 ಅಡಿ = 3,04,800 ಮೈಕ್ರಾನ್
* 1 ಇಂಚು = 25,400 ಮೈಕ್ರಾನ್
* 1 ಸೂತ್ (ಇಂಚಿನ ಎಂಟನೇ ಒಂದು ಭಾಗ) = 3,175 ಮೈಕ್ರಾನ್
* 1 ಥೌ (ಇಂಚಿನ ಸಾವಿರದ ಒಂದು ಭಾಗ) = 25.4 ಮೈಕ್ರಾನ್
* 1 ಮೈಕ್ರೋಇಂಚು (ಇಂಚಿನ ಹತ್ತು ಲಕ್ಷದ ಒಂದು ಭಾಗ) = 25.4 ನ್ಯಾನೋಮೀಟರ್

ಉದಾಹರಣೆಗೆ, ಶಾಫ್ಟ್ ಒಂದರ ವ್ಯಾಸ 1.25 ಇಂಚು, ಹೆಚ್ಚು ಕಡಿಮೆ 0.002 ಇಂಚು ಇರಬಹುದು ಎಂದು ಡ್ರಾಯಿಂಗ್ ಹೇಳುತ್ತದೆ ಎಂದುಕೊಳ್ಳಿ. 1.25 ಅನ್ನು 25,400ರಿಂದ ಗುಣಿಸಿದರೆ 31,750 ಮೈಕ್ರಾನ್, ಅಂದರೆ 31.75 ಮಿಲಿಮೀಟರ್. ಇರಬಹುದಾದ ವ್ಯತ್ಯಾಸ 50.8 ಮೈಕ್ರಾನ್. ಇಂಚಿಗೆ ಸುಮಾರು 25 ಮಿಲಿಮೀಟರ್ ಎಂದು ಬಾಯಿಲೆಕ್ಕ ಹಾಕಿದರೆ ಬರುವುದು 31.25. ಅಂದರೆ 500 ಮೈಕ್ರಾನ್ ಕಡಿಮೆ. ಇದು ಗ್ರಾಹಕ ಒಪ್ಪುವ ವ್ಯತ್ಯಾಸದ ಸುಮಾರು ಹತ್ತು ಪಟ್ಟು!

ಇನ್ನೂ ಮೂರು ವಿಷಯ ಗಮನದಲ್ಲಿರಲಿ. ಮೊದಲನೆಯದು, ಅಂಕಿಯನ್ನು ದುಂಡಾಗಿಸುವುದು ಲೆಕ್ಕದ ಕೊನೆಯಲ್ಲಿ ಮಾತ್ರ. ಅದೂ ಮಿತಿಯ ಒಳಮುಖವಾಗಿ. 50.8 ಅನ್ನು 50 ಮಾಡಬಹುದು, 51 ಮಾಡಬಾರದು.

ಎರಡನೆಯದು, ಇಂಗ್ಲಿಷ್‌ನ 'ಮಿಲ್' ಎಂದರೆ ಮಿಲಿಮೀಟರ್ ಅಲ್ಲ. ಅದು ಥೌನ ಇನ್ನೊಂದು ಹೆಸರು. ಪ್ಲಾಸ್ಟಿಕ್ ಹಾಳೆಯ ವ್ಯಾಪಾರದಲ್ಲಿ ಬಳಸುವ 100 ಗೇಜ್ ಕೂಡ ಇದೇ 25.4 ಮೈಕ್ರಾನ್. ಹಾಗಾಗಿ 200 ಗೇಜ್ ಹಾಳೆ ಸುಮಾರು 50 ಮೈಕ್ರಾನ್ ದಪ್ಪ.

ಮೂರನೆಯದು, ಅಮೆರಿಕದ ಡ್ರಾಯಿಂಗ್‌ನಲ್ಲಿ ಮೇಲ್ಮೈ ನಯಕ್ಕೆ ಬರೀ 63 ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಮೈಕ್ರೋಇಂಚು. ನಮ್ಮ ಲೆಕ್ಕದಲ್ಲಿ 1.6 ಮೈಕ್ರಾನ್. ಅದನ್ನೇ 63 ಮೈಕ್ರಾನ್ ಎಂದು ಓದಿದರೆ ನುಣುಪಾಗಿರಬೇಕಾದ ಭಾಗ ಒರಟಾಗಿ ಉಳಿಯುತ್ತದೆ.

ಕ್ಯಾಲ್ಕ್ಯುಲೇಟರ್ ಇದ್ದರೂ ಮೊದಲು ಡ್ರಾಯಿಂಗ್‌ನ ಮೂಲೆಯಲ್ಲಿ ಬರೆದ ಮಾನ ಯಾವುದೆಂದು ನೋಡಿಕೊಳ್ಳಿ. ಮಾನವೇ ತಪ್ಪಾದರೆ ಗುಣಾಕಾರ ಸರಿಯಿದ್ದೂ ಪ್ರಯೋಜನವಿಲ್ಲ.