ವಿಂಡೋಸ್ 10 ನಿಂತಿತೆಂದು ಹಳೆಯ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಕೆ?

ವಿಂಡೋಸ್ 10 ಬಂದ್ ಆಗಿದೆ, ಹಳೆಯ ಕಂಪ್ಯೂಟರ್ ಇನ್ನು ನಡೆಯುವುದಿಲ್ಲ, ಬೇಗ ಹೊಸದು ಕೊಳ್ಳಿ ಎನ್ನುವ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದರ ಕೆಳಗೇ ಯಾರಾದರೂ ಉತ್ತರ ಹಾಕಿರುತ್ತಾರೆ: ಲಿನಕ್ಸ್ ಹಾಕಿ, ಹಳೆಯದು ಹೊಸದಾಗುತ್ತದೆ, ವೈರಸ್ ಬರುವುದೇ ಇಲ್ಲ. ಎರಡೂ ಅರ್ಧ ಸತ್ಯ. ಮೊದಲನೆಯದನ್ನು ನಂಬಿದರೆ ಹಣ ಹೋಗುತ್ತದೆ. ಎರಡನೆಯದನ್ನು ನಂಬಿ ಅವಸರ ಮಾಡಿದರೆ ಮನೆಯ ಫೋಟೋಗಳೇ ಹೋಗಬಹುದು. ಹೇಗೆ ಎಂದು ನೋಡೋಣ.

ವಿಂಡೋಸ್ 10 ನಿಜಕ್ಕೂ ನಿಂತಿದೆಯೇ?

ನಿಂತಿರುವುದು ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ. ಅದು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ಕಂಪ್ಯೂಟರ್ ಆನ್ ಆಗದೆ ಉಳಿಯುವುದಿಲ್ಲ, ಫೈಲುಗಳೂ ಅಳಿಯುವುದಿಲ್ಲ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಸಿಗುವುದಿಲ್ಲ. ಮನೆಬಳಕೆಯವರು ಇಎಸ್‌ಯು ಎಂಬ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಪ್ರಕಟಿಸಿತ್ತು.

ವಿಂಡೋಸ್ 11ಕ್ಕೆ ಹೋಗೋಣವೆಂದರೆ ಅದಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್ ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಇಂಟೆಲ್‌ನ 7ನೇ ತಲೆಮಾರು ಹಾಗೂ ಅದಕ್ಕಿಂತ ಹಳೆಯವು, ಒಂದೆರಡು ಬಿಟ್ಟರೆ, ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಹೊರಗುಳಿದಿವೆ. ಅವು ಕೆಟ್ಟಿಲ್ಲ, ಅರ್ಹತೆ ಕಳೆದುಕೊಂಡಿವೆ ಅಷ್ಟೇ.

ಹಗುರವಾದ ಆಪರೇಟಿಂಗ್ ಸಿಸ್ಟಂ ಎಂದರೇನು?

ಫಿನ್‌ಲ್ಯಾಂಡಿನ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲ್ ಇಂದು ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗೂ ಇದೆ. ಅದರ ಮೇಲೆ ಮೆನು, ಕಿಟಕಿ, ಐಕಾನ್‌ಗಳನ್ನು ತೋರಿಸುವ ಪದರಕ್ಕೆ ಡೆಸ್ಕ್‌ಟಾಪ್ ಎನ್ನುತ್ತಾರೆ. ಎಕ್ಸ್‌ಎಫ್‌ಸಿಇ, ಎಲ್‌ಎಕ್ಸ್‌ಕ್ಯೂಟಿ ಎಂಬ ಡೆಸ್ಕ್‌ಟಾಪ್‌ಗಳಲ್ಲಿ ಅಲಂಕಾರ ಕಡಿಮೆ, ಹಿನ್ನೆಲೆಯಲ್ಲಿ ಓಡುವ ಕೆಲಸಗಳೂ ಕಡಿಮೆ. ಅದರಿಂದ ರ್‍ಯಾಮ್ ಉಳಿಯುತ್ತದೆ.

ಆದರೆ ಹಗುರವಾಗುವುದು ಸಿಸ್ಟಂ, ಇಂಟರ್ನೆಟ್ ಅಲ್ಲ. ಯೂಟ್ಯೂಬ್, ಜಿಮೇಲ್ ತೆರೆದರೆ ಬ್ರೌಸರ್ ಎಲ್ಲ ಕಡೆಯೂ ತನ್ನ ಪಾಲಿನ ರ್‍ಯಾಮ್ ಕೇಳಿಯೇ ಕೇಳುತ್ತದೆ. 2 ಜಿಬಿ ಇರುವ ಯಂತ್ರದಲ್ಲಿ ಹತ್ತು ಟ್ಯಾಬ್ ತೆರೆದರೆ ಲಿನಕ್ಸ್ ಕೂಡ ಏದುಸಿರು ಬಿಡುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಸಿಗುವ ವೇಗ ಹಲವು ಬಾರಿ ಸಿಸ್ಟಂ ಬದಲಿಸುವುದರಿಂದ ಸಿಗುವುದಕ್ಕಿಂತ ಹೆಚ್ಚು.

ನಿಮ್ಮ ಕಂಪ್ಯೂಟರಿಗೆ ಯಾವುದು?

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರೊಳಗೆ ಅಬೌಟ್ ತೆರೆದರೆ ರ್‍ಯಾಮ್ ಎಷ್ಟು, 64 ಬಿಟ್ ಪ್ರೊಸೆಸರ್ ಹೌದೋ ಅಲ್ಲವೋ ಎಂಬುದು ಕಾಣುತ್ತದೆ.

- 4 ಜಿಬಿ ಅಥವಾ ಹೆಚ್ಚು: ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ. ವಿಂಡೋಸ್ ರೂಢಿಯಾದವರಿಗೆ ಇದರ ಮೆನು ಹೊಸದೆನಿಸದು. ಮಿಂಟ್ 22 ಸರಣಿಗೆ 2029ರವರೆಗೆ ಬೆಂಬಲವಿದೆ.
- 2 ಜಿಬಿ ಆಸುಪಾಸು: ಲುಬುಂಟು. ಮಿಂಟ್ ಕೂಡ ಕನಿಷ್ಠ 2 ಜಿಬಿ ಸಾಕು ಎನ್ನುತ್ತದೆ, ಆದರೆ ಹಿತವಾಗಿ ಬಳಸಲು 4 ಜಿಬಿ ಬೇಕೆಂದೂ ಹೇಳುತ್ತದೆ.
- 1 ಜಿಬಿ ಅಥವಾ 32 ಬಿಟ್: ಆಂಟಿಎಕ್ಸ್ ಅಥವಾ ಪಪ್ಪಿ ಲಿನಕ್ಸ್. ಪತ್ರ ಬರೆಯಲು, ಹಾಡು ಕೇಳಲು ಸಾಕು. ಆನ್‌ಲೈನ್ ತರಗತಿಗೆ ನಂಬಿಕೊಳ್ಳಬೇಡಿ.

ಯಾರು ಅವಸರ ಮಾಡಬಾರದು?

ಟ್ಯಾಲಿ, ಫೋಟೋಶಾಪ್, ಮೈಕ್ರೋಸಾಫ್ಟ್ ಆಫೀಸ್‌ನಲ್ಲೇ ನಿತ್ಯದ ಕೆಲಸ ಇರುವವರು ನಿಲ್ಲಿ. ಇವು ಲಿನಕ್ಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಲಿಬ್ರೆಆಫೀಸ್ ವರ್ಡ್, ಎಕ್ಸೆಲ್ ಫೈಲುಗಳನ್ನು ತೆರೆಯುತ್ತದೆ, ಕೆಲವೊಮ್ಮೆ ಪುಟದ ಜೋಡಣೆ ಮಾತ್ರ ಅತ್ತಿತ್ತ ಆಗುತ್ತದೆ. ಡಿಜಿಟಲ್ ಸಹಿಯ ಟೋಕನ್, ಹಳೆಯ ಪ್ರಿಂಟರ್ ಇದ್ದರೆ ಅವಕ್ಕೆ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ.

ಕನ್ನಡ ಟೈಪಿಂಗ್‌ಗೆ ತೊಂದರೆಯಿಲ್ಲ. ಕೀಬೋರ್ಡ್ ವಿನ್ಯಾಸಗಳ ಪಟ್ಟಿಯಲ್ಲಿ ಕನ್ನಡ ಕಗಪ ಇದೆ, ನುಡಿಯಲ್ಲಿ ಟೈಪ್ ಮಾಡಿದವರ ಬೆರಳಿಗೆ ಅದು ಪರಿಚಿತ. ಆದರೆ ನುಡಿ, ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಉಳಿಸಿದ ಕಡತಗಳು ಆ ಫಾಂಟ್ ಇಲ್ಲದ ಕಡೆ ಗೋಜಲು ಅಕ್ಷರಗಳಾಗಿ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಬದಲಾಯಿಸಿಟ್ಟುಕೊಳ್ಳಿ.

ಹಾಕುವುದು ಹೇಗೆ?

1. ಬ್ಯಾಕಪ್ ಮಾಡಿ. ಫೋಟೋ, ದಾಖಲೆಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿ. ಬೇರೊಂದು ಕಂಪ್ಯೂಟರಿನಲ್ಲಿ ಕೆಲವು ಫೈಲು ತೆರೆದು ನೋಡಿ.
2. ಅಧಿಕೃತ ಜಾಲತಾಣದಿಂದಲೇ ಡೌನ್‌ಲೋಡ್ ಮಾಡಿ. ಫಾರ್ವರ್ಡ್‌ನಲ್ಲಿ ಬಂದ ಲಿಂಕ್ ಬೇಡ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ಜಾಲತಾಣಕ್ಕೇ ಕನ್ನ ಹಾಕಿ ಕಳ್ಳಬಾಗಿಲಿರುವ ಫೈಲಿನತ್ತ ಜನರನ್ನು ಕಳಿಸಿದ್ದರು. ಆದ್ದರಿಂದ ಅಲ್ಲಿ ಕೊಟ್ಟಿರುವ ವಿಧಾನದಂತೆ ಫೈಲು ಅಸಲಿಯೇ ಎಂದು ತಾಳೆ ನೋಡಿ.
3. ಪೆನ್ ಡ್ರೈವ್ ಸಿದ್ಧಮಾಡಿ. 8 ಜಿಬಿಯದು ಸಾಕು. ಬರೀ ಕಾಪಿ ಮಾಡಿದರೆ ಆಗದು, ರೂಫಸ್ ಅಥವಾ ಬಲೆನಾಎಚರ್ ಬಳಸಿ ಬರೆಯಬೇಕು. ಪೆನ್ ಡ್ರೈವ್‌ನಲ್ಲಿ ಇದ್ದದ್ದೆಲ್ಲ ಅಳಿಯುತ್ತದೆ.
4. ಮೊದಲು ಪರೀಕ್ಷಿಸಿ. ಪೆನ್ ಡ್ರೈವ್ ಹಾಕಿ, ಆನ್ ಮಾಡುವಾಗ ಬೂಟ್ ಮೆನುವಿನ ಕೀ ಒತ್ತಿ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಎಫ್12 ಅಥವಾ ಎಫ್9. ಡಿಸ್ಕನ್ನು ಮುಟ್ಟದೆಯೇ ಲಿನಕ್ಸ್ ತೆರೆದುಕೊಳ್ಳುತ್ತದೆ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ನೋಡಿ. ಪೆನ್ ಡ್ರೈವ್‌ನಿಂದ ಓಡುವಾಗ ನಿಧಾನವಿರುವುದು ಸಹಜ. ಒಗ್ಗದಿದ್ದರೆ ಪೆನ್ ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿ, ವಿಂಡೋಸ್ ಇದ್ದಂತೆಯೇ ಇರುತ್ತದೆ.
5. ಒಪ್ಪಿಗೆಯಾದರೆ ಇನ್‌ಸ್ಟಾಲ್ ಒತ್ತಿ.

ಇಲ್ಲಿಯೇ ಬಹಳ ಜನ ಎಡವುತ್ತಾರೆ. ವಿಂಡೋಸ್ ಮತ್ತೆ ಹಾಕಿಸುವಾಗ ಸಿ ಡ್ರೈವ್ ಮಾತ್ರ ಅಳಿಸಿ ಡಿ ಡ್ರೈವ್ ಉಳಿಸುವುದು ನಮ್ಮ ರೂಢಿ. ಮದುವೆಯ ಫೋಟೋ, ಮಕ್ಕಳ ವಿಡಿಯೋ ಎಲ್ಲ ಡಿ ಡ್ರೈವ್‌ನಲ್ಲೇ ಇರುತ್ತವೆ. ಇಲ್ಲಿ 'ಇರೇಸ್ ಡಿಸ್ಕ್' ಎಂಬುದನ್ನು ಆರಿಸಿದರೆ ಆ ಡಿಸ್ಕಿನ ಸಿ, ಡಿ, ಇ ಎಲ್ಲವೂ ಒಟ್ಟಿಗೆ ಹೋಗುತ್ತವೆ. ಏಕೆಂದರೆ ಇವು ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಬೇರೆ ಬೇರೆ ಡಿಸ್ಕುಗಳಲ್ಲ, ಒಂದೇ ಡಿಸ್ಕಿನ ಭಾಗಗಳು. ವಿಂಡೋಸ್ ಜೊತೆಗೇ ಹಾಕುವ ಆಯ್ಕೆಯೂ ಇದೆ. ಅದನ್ನು ಆರಿಸಿದರೂ ಬ್ಯಾಕಪ್ ತಪ್ಪಿಸಬೇಡಿ.

ವೈರಸ್ ಬರುವುದೇ ಇಲ್ಲವೇ?

ವಿಂಡೋಸ್‌ಗೆಂದು ಬರೆದ ವೈರಸ್ ಸಾಮಾನ್ಯವಾಗಿ ಲಿನಕ್ಸ್‌ನಲ್ಲಿ ಓಡದು. ಹಾಗೆಂದು ಲಿನಕ್ಸ್‌ಗೆ ಬರೆದ ಕೆಟ್ಟ ತಂತ್ರಾಂಶ ಇಲ್ಲವೆಂದಲ್ಲ. ನಕಲಿ ಬ್ಯಾಂಕ್ ಪುಟದಲ್ಲಿ ನೀವೇ ಪಾಸ್‌ವರ್ಡ್, ಒಟಿಪಿ ಹಾಕಿದರೆ ಯಾವ ಸಿಸ್ಟಂ ಕೂಡ ಕಾಪಾಡಲಾರದು. ಅಪ್‌ಡೇಟ್ ಮಾಡುವುದು ಇಲ್ಲೂ ಕಡ್ಡಾಯ.

ಒಟ್ಟಿನಲ್ಲಿ

ಹಳೆಯ ಲ್ಯಾಪ್‌ಟಾಪ್ ಸತ್ತಿಲ್ಲ, ಲಿನಕ್ಸ್ ಸಂಜೀವಿನಿಯೂ ಅಲ್ಲ. ಬ್ರೌಸಿಂಗ್, ಮಕ್ಕಳ ಓದು, ಪತ್ರವ್ಯವಹಾರದಷ್ಟೇ ಕೆಲಸವಿದ್ದು 4 ಜಿಬಿ ರ್‍ಯಾಮ್ ಇದ್ದರೆ, ಹೊಸದು ಕೊಳ್ಳುವ ಮೊದಲು ಒಂದು ಪೆನ್ ಡ್ರೈವ್‌ನಲ್ಲಿ ವಾರಕಾಲ ಪರೀಕ್ಷಿಸಿ ನೋಡಿ. ಈ ಬರಹವನ್ನು ಹಂಚುವುದಾದರೆ ಡಿ ಡ್ರೈವ್‌ನ ಮಾತನ್ನು ಬಿಡದೆ ಹೇಳಿ. ಲ್ಯಾಪ್‌ಟಾಪ್ ಮತ್ತೊಂದು ಕೊಳ್ಳಬಹುದು, ಅಳಿದ ಫೋಟೋ ಕೊಳ್ಳಲಾಗದು.